ಒಂದೇ ಊರು, ಒಂದೇ ಸುವಾರ್ತೆ, ನಾಲ್ಕು ಉತ್ತರಗಳು

ದೇವರಿಗೆ ಸ್ತೋತ್ರ. ಹಲ್ಲೆಲೂಯ! ವಾರವೆಲ್ಲಾ ಆಫೀಸು, ಕಾಲೇಜು, ಟ್ರಾಫಿಕ್ಕು, ನೈಟ್ ಶಿಫ್ಟು ಅಂತ ದಣಿದಿದ್ದರೂ ದೇವರ ಸನ್ನಿಧಿಗೆ ಬಂದಿದ್ದೀರಿ. ಕರ್ತನು ನಿಮ್ಮನ್ನು ಬರಿಗೈಯಲ್ಲಿ ಕಳುಹಿಸುವವನಲ್ಲ. ಆಮೆನ್?

ಬೈಬಲ್ ತೆರೆಯಿರಿ. ಅಪೊಸ್ತಲರ ಕೃತ್ಯಗಳು 24ನೇ ಅಧ್ಯಾಯ. ಅಲ್ಲಿಂದ 26ರ ತನಕ ಹೋಗ್ತೀವಿ. ಕೊನೆಗೆ 10ನೇ ಅಧ್ಯಾಯಕ್ಕೆ ಹಿಂದೆ ಬರ್ತೀವಿ. ಮನೆಗೆ ಹೋದ ಮೇಲೆ ಈ ನಾಲ್ಕೂ ಅಧ್ಯಾಯಗಳನ್ನು ಪೂರ್ತಿ ಓದಿ. ನಾನು ಇವತ್ತು ಕಥೆಯನ್ನು ನನ್ನ ಮಾತಲ್ಲಿ ಹೇಳ್ತೀನಿ, ನೀವು ವಾಕ್ಯದ ಜೊತೆ ಇಟ್ಟು ನೋಡಿ.

ಯುವಜನರು ನನ್ನ ಹತ್ತಿರ ಆಗಾಗ ಕೇಳುವ ಒಂದು ಪ್ರಶ್ನೆ ಇದೆ. "ಪಾಸ್ಟರ್, ನನ್ನ ಫ್ರೆಂಡ್‌ಗೆ ಯೇಸುವಿನ ಬಗ್ಗೆ ಹೇಳಿದೆ. ಒಬ್ಬ ನಕ್ಕ. ಇನ್ನೊಬ್ಬಳು ಆಮೇಲೆ ಮಾತಾಡೋಣ ಅಂದಳು. ಮತ್ತೊಬ್ಬ ಚೆನ್ನಾಗಿ ಕೇಳಿಸಿಕೊಂಡ, ಆಮೇಲೆ ಆ ವಿಷಯಾನೇ ಎತ್ತಲಿಲ್ಲ. ನಾನು ಹೇಳಿದ ರೀತಿ ಸರಿ ಇರಲಿಲ್ವಾ?" ಇದಕ್ಕೆ ಉತ್ತರ ಬೇಕಾದರೆ ಕೈಸರೈಯ ಎಂಬ ಊರಿಗೆ ಹೋಗಬೇಕು. ಅಲ್ಲಿ ಹೇಳಿದವನು ಪೌಲ. ಅಪೊಸ್ತಲನಾದ ಪೌಲನೇ ಹೇಳಿದರೂ ಇದೇ ಮೂರು ಉತ್ತರಗಳು ಬಂದವು.

ಊರಿನ ಬಗ್ಗೆ ಸ್ವಲ್ಪ ಕೇಳಿ. ಕೈಸರೈಯ ಮೆಡಿಟರೇನಿಯನ್ ಸಮುದ್ರದ ದಡದ ಪಟ್ಟಣ. ಬೇತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸಿದ ಮಹಾ ಹೆರೋದನೇ ಅದನ್ನು ಕಟ್ಟಿಸಿ, ಚಕ್ರವರ್ತಿಯ ಗೌರವಕ್ಕೆ ಅವನ ಹೆಸರಿಟ್ಟ. ಸಮುದ್ರದೊಳಗೇ ಕಾಂಕ್ರೀಟ್ ಹಾಕಿ ಬಂದರು ಕಟ್ಟಿಸಿದ; ಅದಕ್ಕೆ ಇಟಲಿಯಿಂದ ಜ್ವಾಲಾಮುಖಿ ಬೂದಿ ತರಿಸಿದ್ದರು. ರೋಮಿನ ದೇಶಾಧಿಪತಿಗಳು ಇರುತ್ತಿದ್ದದ್ದು ಯೆರೂಸಲೇಮಿನಲ್ಲಿ ಅಲ್ಲ, ಇಲ್ಲಿ. ಪೊಂತ್ಯ ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಸಿಕ್ಕಿದ್ದು ಇದೇ ಊರಲ್ಲಿ. ಅಂದರೆ ಆ ಕಾಲದ ರಾಜಧಾನಿ, ಬಂದರು, ಮಿಲಿಟರಿ ಕ್ಯಾಂಪ್ ಎಲ್ಲಾ ಒಂದೇ ಕಡೆ. ಅಧಿಕಾರ ಇತ್ತು, ದುಡ್ಡಿತ್ತು, ಮನರಂಜನೆ ಇತ್ತು. ಬೆಂಗಳೂರಲ್ಲಿರುವ ನಮಗೆ ಅಂಥ ಊರು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸುಮಾರು ಕ್ರಿ.ಶ. 57ರ ಹೊತ್ತಿಗೆ ಪೌಲನನ್ನು ಅಲ್ಲಿಗೆ ಕರೆತರ್ತಾರೆ. ಯೆರೂಸಲೇಮಿನಲ್ಲಿ 40ಕ್ಕಿಂತ ಹೆಚ್ಚು ಮಂದಿ ಅವನನ್ನು ಕೊಲ್ಲುವ ತನಕ ಊಟ ಮಾಡುವುದಿಲ್ಲ ಅಂತ ಶಪಥ ಮಾಡಿದ್ದರು. ಅದಕ್ಕೇ ರಾತ್ರೋರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು ಕಾವಲು. ಒಬ್ಬ ಸುವಾರ್ತೆಗಾರನಿಗೆ 470 ಜನರ ಎಸ್ಕಾರ್ಟ್! ಶತ್ರು ಬಾಗಿಲು ಮುಚ್ಚಿದೆ ಅಂದುಕೊಂಡ, ಕರ್ತನು ಆ ಬಾಗಿಲಿನಿಂದಲೇ ಸುವಾರ್ತೆಯನ್ನು ಅರಮನೆಗೆ ಕಳುಹಿಸಿದ. ಸ್ತೋತ್ರ!

ಮೊದಲನೆಯವನು ಫೇಲಿಕ್ಸ.

ಈ ಫೇಲಿಕ್ಸ ಒಂದು ಕಾಲದಲ್ಲಿ ಗುಲಾಮ. ಅವನ ಅಣ್ಣ ಪಲ್ಲಾಸ್ ಅರಮನೆಯಲ್ಲಿ ಖಜಾನೆ ನೋಡಿಕೊಳ್ಳುತ್ತಿದ್ದ ಪ್ರಭಾವಿ. ಬಿಡುಗಡೆ ಸಿಕ್ಕ ಗುಲಾಮ ಒಂದು ಪ್ರಾಂತ್ಯಕ್ಕೇ ದೇಶಾಧಿಪತಿ ಆಗುವುದು ಆ ಕಾಲಕ್ಕೆ ದೊಡ್ಡ ಸಂಗತಿ. ಅವನ ಪಕ್ಕದಲ್ಲಿ ಹೆಂಡತಿ ದ್ರೂಸಿಲ್ಲ. ಯೆಹೂದ್ಯಳು, ರಾಜಕುಮಾರಿ. ಇತಿಹಾಸಕಾರ ಜೋಸೆಫಸ್ ಬರೆದಿರುವ ಲೆಕ್ಕ ಹಿಡಿದರೆ ಅವಳಿಗೆ ಆಗ ಸುಮಾರು 20 ವರ್ಷ. ಇಲ್ಲಿ ಕೂತಿರುವ ತಂಗಿಯರಷ್ಟೇ ವಯಸ್ಸು. ಅವಳಿಗೆ ಮೊದಲೇ ಮದುವೆಯಾಗಿತ್ತು. ಗಂಡನನ್ನು ಬಿಟ್ಟು ಬರುವಂತೆ ಫೇಲಿಕ್ಸ ಮನವೊಲಿಸಿ ತನ್ನವಳನ್ನಾಗಿ ಮಾಡಿಕೊಂಡಿದ್ದ.

ಇವರಿಬ್ಬರೇ ಪೌಲನನ್ನು ಕರೆಸಿ, ಕ್ರಿಸ್ತ ಯೇಸುವಿನ ಮೇಲಿನ ನಂಬಿಕೆ ಅಂದರೇನು ಹೇಳು ಅಂತಾರೆ. ಪೌಲ ಯಾವ ವಿಷಯ ಎತ್ತಿಕೊಂಡ ನೋಡಿ: ನೀತಿ, ದಮೆ, ಮುಂದೆ ಬರಲಿರುವ ನ್ಯಾಯವಿಚಾರಣೆ. ದಮೆ ಅಂದರೆ ಮನಸ್ಸನ್ನೂ ದೇಹವನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳುವುದು. ಲಂಚ ನಿರೀಕ್ಷಿಸುವ ನ್ಯಾಯಾಧೀಶನ ಮುಂದೆ ನೀತಿಯ ಮಾತು. ಇನ್ನೊಬ್ಬನ ಹೆಂಡತಿಯನ್ನು ಕರೆತಂದವನ ಮುಂದೆ ದಮೆಯ ಮಾತು. ತೀರ್ಪು ಕೊಡುವ ಕುರ್ಚಿಯಲ್ಲಿ ಕೂತವನಿಗೆ, ನಿನಗೂ ಒಂದು ತೀರ್ಪಿನ ದಿನ ಇದೆ ಅನ್ನುವ ಮಾತು. ಪೌಲನ ಬಿಡುಗಡೆ ಈ ಮನುಷ್ಯನ ಕೈಯಲ್ಲಿತ್ತು ಅನ್ನೋದನ್ನ ಮರೀಬೇಡಿ.

ಫೇಲಿಕ್ಸ ನಗಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಅವನಿಗೆ ಭಯವಾಯಿತು ಅಂತ ವಾಕ್ಯ ಹೇಳುತ್ತೆ. ಪವಿತ್ರಾತ್ಮನು ಅವನ ಹೃದಯವನ್ನು ಮುಟ್ಟಿದ ಕ್ಷಣ ಅದು. ಆಗ ಅವನು ಮಾಡಿದ್ದೇನು? ಸದ್ಯಕ್ಕೆ ಹೋಗು, ಬಿಡುವಾದಾಗ ಕರೆಸ್ತೀನಿ ಅಂದ.

ಪ್ರಿಯರೇ, ಫೇಲಿಕ್ಸ 'ಇಲ್ಲ' ಅಂತ ಯಾವತ್ತೂ ಹೇಳಲಿಲ್ಲ. ನಮ್ಮಲ್ಲೂ ಎಷ್ಟೋ ಜನ ಹೇಳುವುದಿಲ್ಲ. "ಈ ಸೆಮಿಸ್ಟರ್ ಮುಗೀಲಿ." "ಅಪ್ರೈಸಲ್ ಆಗ್ಲಿ ಪಾಸ್ಟರ್." "ಮದುವೆ ಆಗಿ ಸೆಟ್ಲ್ ಆಗ್ತೀನಿ, ಆಮೇಲೆ ದೀಕ್ಷಾಸ್ನಾನ." ಯಾರೂ ಯೇಸು ಬೇಡ ಅನ್ನಲ್ಲ, ಇವತ್ತು ಬೇಡ ಅಂತಾರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಕೆಲವರ ಮನಸ್ಸು ನೋಯಬಾರದು. ಈ ಸಭೆಗೆ ಬೇರೆ ನಂಬಿಕೆಯ ಮನೆಗಳಿಂದ ಬರುವವರಿದ್ದೀರಿ. ನಿಮಗೆ ಪ್ರಶ್ನೆಗಳಿವೆ, ಅಪ್ಪ ಅಮ್ಮನ ಕಣ್ಣೀರಿನ ಯೋಚನೆ ಇದೆ, ಸಮಯ ಬೇಕು ಅಂತೀರಿ. ತಗೊಳ್ಳಿ. ಬೆರೋಯದ ಜನ ಪೌಲ ಹೇಳಿದ್ದು ನಿಜವೋ ಅಂತ ಪ್ರತಿದಿನ ಶಾಸ್ತ್ರ ತೆರೆದು ಪರೀಕ್ಷೆ ಮಾಡಿದರು; ಲೂಕನು ಅವರನ್ನು ಬಯ್ಯಲಿಲ್ಲ, ಸದ್ಗುಣವುಳ್ಳವರು ಅಂತ ಮೆಚ್ಚಿಕೊಂಡ. ಹುಡುಕುವುದಕ್ಕೆ ಸಮಯ ಕೇಳುವುದು ಬೇರೆ, ತಪ್ಪಿಸಿಕೊಳ್ಳುವುದಕ್ಕೆ ಕೇಳುವುದು ಬೇರೆ. ಕೇಳಿ ಪಡೆದ ಸಮಯದಲ್ಲಿ ನೀವು ಏನು ಮಾಡ್ತಾ ಇದ್ದೀರಿ ಅನ್ನೋದರಲ್ಲೇ ಅದು ಗೊತ್ತಾಗುತ್ತೆ.

ಫೇಲಿಕ್ಸನಿಗೆ ಸಮಯ ಸಿಕ್ಕಿತು. ಎರಡು ವರ್ಷ! ಪೌಲ ಅದೇ ಊರಲ್ಲಿ ಕಾವಲಿನಲ್ಲಿದ್ದ. ಫೇಲಿಕ್ಸ ಅವನನ್ನು ಮೇಲಿಂದ ಮೇಲೆ ಕರೆಸಿ ಮಾತಾಡಿದ. ಯಾಕೆ? ಪೌಲನಿಂದ ದುಡ್ಡು ಬರಬಹುದು ಅಂತ. ಮೊದಲ ದಿನ ಆದ ಭಯದ ಬಗ್ಗೆ ವಾಕ್ಯ ಮತ್ತೆ ಹೇಳುವುದಿಲ್ಲ. ಅದೇ ಬೋಧಕ, ಅದೇ ಮಾತು, ಕೇಳುವವನ ಹೃದಯ ಮಾತ್ರ ಗಟ್ಟಿಯಾಗುತ್ತಾ ಹೋಯಿತು. ನಮಗೂ ಹೀಗಾಗಬಹುದು. ಪ್ರತಿ ಭಾನುವಾರ ಬರ್ತೀವಿ, ಆರಾಧನೆಯಲ್ಲಿ ಕೈ ಎತ್ತುತ್ತೀವಿ, ಆದರೆ ಮೊದಲು ನಮ್ಮನ್ನು ಅಲ್ಲಾಡಿಸಿದ ವಾಕ್ಯ ಈಗ ಅಲ್ಲಾಡಿಸುತ್ತಿಲ್ಲ. ಕೊನೆಗೆ ಫೇಲಿಕ್ಸನನ್ನು ರೋಮಿಗೆ ವಾಪಸ್ ಕರೆಸಿದರು. ಹೋಗುವಾಗಲೂ ಯೆಹೂದ್ಯರನ್ನು ಮೆಚ್ಚಿಸಲು ಪೌಲನನ್ನು ಬಂಧನದಲ್ಲೇ ಬಿಟ್ಟು ಹೋದ. ಅವನು ಹೇಳಿದ ಆ ಬಿಡುವು ಬರಲೇ ಇಲ್ಲ.

ಎರಡನೆಯವನು ಫೆಸ್ತ.

ಹೊಸ ದೇಶಾಧಿಪತಿ. ಕೆಲಸಗಾರ. ಅಧಿಕಾರಕ್ಕೆ ಬಂದ ಮೂರೇ ದಿನಕ್ಕೆ ಯೆರೂಸಲೇಮಿಗೆ ಹೋದ. ಅಲ್ಲಿಂದ ವಾಪಸ್ ಬಂದ ಮಾರನೆಯ ದಿನವೇ ಕೋರ್ಟಿನಲ್ಲಿ ಕೂತ. ಪೆಂಡಿಂಗ್ ಫೈಲ್ ಕ್ಲಿಯರ್ ಮಾಡುವ ಅಧಿಕಾರಿ. ಪೌಲ ಚಕ್ರವರ್ತಿಗೆ ಮನವಿ ಮಾಡಿಕೊಂಡ ಮೇಲೆ ಇವನಿಗೆ ತಲೆನೋವು ಶುರುವಾಯಿತು: ಕೈದಿಯ ಜೊತೆ ಒಂದು ವರದಿ ಕಳುಹಿಸಬೇಕು, ಅದರಲ್ಲಿ ಬರೆಯುವುದಕ್ಕೆ ಅಪರಾಧವೇ ಇಲ್ಲ. ಅಗ್ರಿಪ್ಪ ರಾಜನಿಗೆ ಕೇಸನ್ನು ವಿವರಿಸುವಾಗ ಇವನ ಸಾರಾಂಶ ಕೇಳಿ. ಯೇಸು ಅಂತ ಒಬ್ಬ ಸತ್ತಿದ್ದಾನೆ, ಈ ಪೌಲ ಅವನು ಬದುಕಿದ್ದಾನೆ ಅಂತಾನೆ, ಅಷ್ಟೇ ವಿಷಯ. ಇಡೀ ಸುವಾರ್ತೆಯ ಹೃದಯ ಅವನ ಬಾಯಲ್ಲೇ ಇತ್ತು! ಆದರೆ ಅವನಿಗೆ ಅದು ಫೈಲಿನ ಒಂದು ಸಾಲು.

ಮಾರನೆಯ ದಿನ ದೊಡ್ಡ ಸಭೆ. ರಾಜ ಅಗ್ರಿಪ್ಪ, ಅವನ ತಂಗಿ ಬೆರ್ನಿಕೆ, ಸೈನ್ಯದ ಅಧಿಕಾರಿಗಳು, ಊರಿನ ಗಣ್ಯರು, ಎಲ್ಲಾ ಆಡಂಬರದಿಂದ ಬಂದು ಕೂತರು. ನಡುವೆ ಬೇಡಿ ಹಾಕಿಕೊಂಡ ಪೌಲ. ಅವನು ತನ್ನ ಸಾಕ್ಷಿ ಹೇಳ್ತಾ ಹೇಳ್ತಾ, ಕ್ರಿಸ್ತನು ಬಾಧೆಪಟ್ಟು ಸತ್ತು ಮೊದಲನೆಯವನಾಗಿ ಎದ್ದು ಬಂದನು ಅನ್ನುವ ಜಾಗಕ್ಕೆ ಬಂದ. ಅಲ್ಲಿಯ ತನಕ ಫೆಸ್ತ ಸುಮ್ಮನಿದ್ದ. ಪುನರುತ್ಥಾನ ಅಂದ ಕೂಡಲೇ ಜೋರಾಗಿ ಕೂಗಿದ: ಪೌಲ, ನಿನಗೆ ಬುದ್ಧಿ ಕೆಟ್ಟಿದೆ, ಓದಿ ಓದಿ ಹುಚ್ಚು ಹಿಡಿದಿದೆ!

ನಿಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಇದನ್ನು ಕೇಳಿದ್ದೀರಿ ಅಲ್ವಾ? "ಇಂಜಿನಿಯರಿಂಗ್ ಓದಿದ್ದೀಯ, ಕೋಡ್ ಬರೀತೀಯ, ಸತ್ತವರು ಎದ್ದು ಬರ್ತಾರೆ ಅಂತ ನಂಬ್ತೀಯಾ?" ಒಳ್ಳೆಯ ಜೀವನ, ಶಾಂತಿ, ಪ್ರೀತಿ ಅಂತ ಮಾತಾಡುವ ತನಕ ಯಾರಿಗೂ ತೊಂದರೆ ಇಲ್ಲ. ಯೇಸು ನಿಜವಾಗಲೂ ಎದ್ದನು ಅಂದರೆ ನಗು ಶುರು.

ಪೌಲನ ಉತ್ತರ ಕಲಿಯಿರಿ. ಅವನು ತಿರುಗಿ ಕೂಗಲಿಲ್ಲ. ಫೆಸ್ತನನ್ನು ಅವನ ಪದವಿಗೆ ತಕ್ಕ ಗೌರವದಿಂದಲೇ ಕರೆದ. ನಾನು ಹುಚ್ಚನಲ್ಲ, ಸ್ವಸ್ಥ ಬುದ್ಧಿಯಿಂದ ಸತ್ಯವನ್ನೇ ಹೇಳ್ತಿದ್ದೀನಿ ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: ಇದು ಯಾವುದೋ ಮೂಲೆಯಲ್ಲಿ ಗುಟ್ಟಾಗಿ ನಡೆದ ಸಂಗತಿಯಲ್ಲ. ಅಂದರೆ ವಿಚಾರಿಸಿ ನೋಡಬಹುದು, ಸಾಕ್ಷಿಗಳಿದ್ದಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಎದ್ದ ಯೇಸುವನ್ನು 500ಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ನೋಡಿದರು, ಅವರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ ಅಂತ ಅವನೇ ಬರೆದಿದ್ದಾನೆ. ನಂಬಿಕೆ ಅಂದರೆ ಬುದ್ಧಿಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುವುದಲ್ಲ. ನಿಮ್ಮನ್ನು ನೋಡಿ ನಗುವವನಿಗೆ ಕೋಪದಿಂದ ಉತ್ತರ ಬೇಡ. ವಾಟ್ಸಾಪ್ ಗ್ರೂಪಲ್ಲಿ ವಾದ ಗೆದ್ದು ಸ್ನೇಹಿತನನ್ನು ಕಳಕೊಂಡರೆ ಏನು ಲಾಭ?

ಮೂರನೆಯವನು ಅಗ್ರಿಪ್ಪ. ಇವತ್ತಿನ ಸಂದೇಶದಲ್ಲಿ ನನಗೆ ಅತಿ ಭಾರವಾಗಿರುವ ಭಾಗ ಇದು.

ಈ ಅಗ್ರಿಪ್ಪನ ಮನೆತನ ನೋಡಿ. ಮುತ್ತಜ್ಜ ಮಹಾ ಹೆರೋದ, ಮಗುವಾದ ಯೇಸುವನ್ನು ಕೊಲ್ಲಲು ಹುಡುಕಿದವನು. ಆ ಹೆರೋದನ ಮಗ ಅಂತಿಪ, ಸ್ನಾನಿಕನಾದ ಯೋಹಾನನ ತಲೆ ತೆಗೆಸಿದವನು. ಅಗ್ರಿಪ್ಪನ ತಂದೆ, ಅಪೊಸ್ತಲನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದವನು, ಕ್ರಿ.ಶ. 44ರಲ್ಲಿ ಇದೇ ಕೈಸರೈಯದಲ್ಲಿ ಸತ್ತ. ದ್ರೂಸಿಲ್ಲ, ಬೆರ್ನಿಕೆ ಇಬ್ಬರೂ ಇವನ ತಂಗಿಯರು. ನಾಲ್ಕು ತಲೆಮಾರು ಸುವಾರ್ತೆಯ ಪಕ್ಕದಲ್ಲೇ ಹಾದು ಹೋಗಿದೆ. ಅಗ್ರಿಪ್ಪನಿಗೆ ಶಾಸ್ತ್ರ ಗೊತ್ತು, ಯೆಹೂದ್ಯರ ಆಚಾರ ಗೊತ್ತು. ಯೆರೂಸಲೇಮ್ ದೇವಾಲಯದ ಮಹಾಯಾಜಕನನ್ನು ನೇಮಿಸುವ ಅಧಿಕಾರವೇ ಅವನ ಕೈಯಲ್ಲಿತ್ತು.

ಅದಕ್ಕೇ ಪೌಲ ಎಲ್ಲರನ್ನೂ ಬಿಟ್ಟು ನೇರವಾಗಿ ಅವನನ್ನೇ ಕೇಳಿದ. ರಾಜನೇ, ಪ್ರವಾದಿಗಳನ್ನು ನಂಬ್ತೀಯಾ? ನಂಬ್ತೀಯ ಅಂತ ನನಗೆ ಗೊತ್ತು.

ಇಡೀ ಸಭೆ ನೋಡ್ತಾ ಇದೆ. ಹೌದು ಅಂದರೆ ಮುಂದಿನ ಪ್ರಶ್ನೆ ಯೇಸುವಿನದು. ಇಲ್ಲ ಅಂದರೆ ಯೆಹೂದ್ಯರ ಮುಂದೆ ಮರ್ಯಾದೆ ಹೋಗುತ್ತೆ. ಅಗ್ರಿಪ್ಪ ಎರಡನ್ನೂ ಹೇಳದೆ ಮಾತು ತಿರುಗಿಸಿದ: ಇಷ್ಟರಲ್ಲೇ ನನ್ನನ್ನು ಕ್ರೈಸ್ತನನ್ನಾಗಿ ಮಾಡಿಬಿಡ್ತೀಯಾ? ಮೂಲ ಗ್ರೀಕ್ ಮಾತನ್ನು ಕೆಲವರು ನಿಟ್ಟುಸಿರು ಅಂತಾರೆ, ಕೆಲವರು ತಮಾಷೆ ಅಂತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. 'ಕ್ರೈಸ್ತ' ಅನ್ನುವ ಪದ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತೆ. ಅದರಲ್ಲಿ ಒಂದು ಸಲ ಈ ರಾಜನ ಬಾಯಿಂದ. ಪದ ಬಾಯಿಗೆ ಬಂತು, ಹೃದಯಕ್ಕೆ ಇಳಿಯಲಿಲ್ಲ.

ಈಗ ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳ ಹತ್ತಿರ ಮಾತಾಡ್ತೀನಿ. ನಾನೂ ನಿಮ್ಮಂತೆ ಸಭೆಯ ಬೆಂಚಿನ ಮೇಲೆ ಬೆಳೆದವನೇ. ನಿಮಗೆ ಸಂಡೇ ಸ್ಕೂಲ್ ಬಾಯಿಪಾಠ ಗೊತ್ತು. ಯಾವ ಹಾಡಿಗೆ ಯಾವ ಸ್ಕೇಲು ಗೊತ್ತು. ಪಾಸ್ಟರ್ ಯಾವಾಗ ಧ್ವನಿ ಎತ್ತುತ್ತಾರೆ, ಕೀಬೋರ್ಡ್ ಯಾವಾಗ ಮೆಲ್ಲಗೆ ಶುರುವಾಗುತ್ತೆ, ಅದೂ ಗೊತ್ತು. ನಿಮ್ಮ ಅಜ್ಜಿಗೆ ಸಾಕ್ಷಿ ಇದೆ, ಅಮ್ಮನಿಗೆ ಮೊಣಕಾಲಿನ ಪ್ರಾರ್ಥನೆ ಇದೆ. ಕರ್ತನು ನೇರವಾಗಿ ನಿಮ್ಮ ಹೆಸರು ಹಿಡಿದು ಕೇಳಿದಾಗ ಮಾತ್ರ ನಾವು ಒಂದು ಜೋಕ್ ಮಾಡಿ ಜಾರಿಕೊಳ್ತೀವಿ. ಫೆಸ್ತನ ಹಾಗೆ ಕೂಗುವವನಿಗೆ ಒಂದು ದಿನ ತಾನು ಹೊರಗಿದ್ದೀನಿ ಅಂತ ಗೊತ್ತಾಗಬಹುದು. ಅಗ್ರಿಪ್ಪನಿಗೆ ತಾನು ಒಳಗೇ ಇದ್ದೀನಿ ಅನ್ನಿಸುತ್ತೆ. ಅಪಾಯ ಅಲ್ಲಿದೆ ಮಕ್ಕಳೇ.

ಆ ಸಭೆ ಹೇಗೆ ಮುಗಿಯಿತು? ಅಗ್ರಿಪ್ಪ ಎದ್ದ. ಬೆರ್ನಿಕೆಯೂ ಎದ್ದಳು. ಅವಳು ಒಂದು ಮಾತು ಆಡಿದ್ದೂ ದಾಖಲಾಗಿಲ್ಲ. ಹೊರಗೆ ಹೋಗಿ ತಮ್ಮತಮ್ಮಲ್ಲೇ, ಇವನು ತಪ್ಪೇನೂ ಮಾಡಿಲ್ಲ, ಮನವಿ ಮಾಡದೆ ಇದ್ದಿದ್ದರೆ ಬಿಡಬಹುದಿತ್ತು ಅಂತ ಮಾತಾಡಿಕೊಂಡರು. ಪೌಲ ಕೇಳಿದ್ದು ಅವರ ಆತ್ಮದ ವಿಷಯ, ಅವರು ತೀರ್ಪು ಕೊಟ್ಟಿದ್ದು ಪೌಲನ ಕೇಸಿನ ಬಗ್ಗೆ. ಸರ್ವಿಸ್ ಮುಗಿದ ಮೇಲೆ ನಾವು ಏನು ಮಾಡ್ತೀವಿ? "ಮೆಸೇಜ್ ಚೆನ್ನಾಗಿತ್ತು, ಸ್ವಲ್ಪ ಲಾಂಗ್ ಆಯ್ತು." ಅಲ್ವಾ? ನಗಬೇಡಿ, ಇವತ್ತೂ ಹೇಳ್ತೀರಿ!

ಫೇಲಿಕ್ಸನಿಗೆ ಭಯ ಇತ್ತು, ಫೆಸ್ತನಿಗೆ ತರ್ಕ ಇತ್ತು, ಅಗ್ರಿಪ್ಪನಿಗೆ ಜ್ಞಾನ ಇತ್ತು. ಮೂವರಿಗೂ ಇದ್ದ ಒಂದೇ ವಿಷಯ ಕುರ್ಚಿ. ಮೂವರೂ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತು ಸುವಾರ್ತೆಯನ್ನು ವಿಚಾರಣೆ ಮಾಡಿದರು. ಸುವಾರ್ತೆ ತಮ್ಮನ್ನು ವಿಚಾರಣೆ ಮಾಡಲು ಬಿಡಲಿಲ್ಲ.

ಈಗ 10ನೇ ಅಧ್ಯಾಯಕ್ಕೆ ಬನ್ನಿ. ಅದೇ ಕೈಸರೈಯ, ಈ ವಿಚಾರಣೆಗಳಿಗಿಂತ ಎಷ್ಟೋ ವರ್ಷ ಮೊದಲು. ಕೊರ್ನೇಲ್ಯ ಅನ್ನುವ ಶತಾಧಿಪತಿ. ಇವನೂ ಅಧಿಕಾರಿ, ರೋಮಿನ ಸೈನ್ಯದವನು. ಆದರೆ ಪೇತ್ರ ಬರ್ತಾನೆ ಅಂತ ಗೊತ್ತಾದಾಗ ನೆಂಟರನ್ನು, ಆಪ್ತ ಸ್ನೇಹಿತರನ್ನು ಮನೆ ತುಂಬಾ ಸೇರಿಸಿದ. ಒಬ್ಬ ಮೀನುಗಾರನ ಪಾದಕ್ಕೆ ಬಿದ್ದ. ಪೇತ್ರ, ಏಳಪ್ಪಾ, ನಾನೂ ಮನುಷ್ಯನೇ ಅಂತ ಅವನನ್ನು ಎಬ್ಬಿಸಬೇಕಾಯಿತು. ಆಮೇಲೆ ಕೊರ್ನೇಲ್ಯ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಕರ್ತನು ನಿನಗೆ ಅಪ್ಪಣೆ ಕೊಟ್ಟದ್ದನ್ನೆಲ್ಲಾ ಕೇಳುವುದಕ್ಕೆ ನಾವು ದೇವರ ಮುಂದೆ ಕೂತಿದ್ದೀವಿ. ಅವನು ಕುರ್ಚಿ ಬಿಟ್ಟು ಇಳಿದಿದ್ದ.

ಏನಾಯ್ತು? ಪೇತ್ರ ಪ್ರಸಂಗ ಮುಗಿಸಲೂ ಇಲ್ಲ! ಅವನು ಮಾತಾಡುತ್ತಾ ಇರುವಾಗಲೇ ಪವಿತ್ರಾತ್ಮನು ಕೇಳುತ್ತಿದ್ದವರೆಲ್ಲರ ಮೇಲೆ ಇಳಿದು ಬಂದನು. ಅನ್ಯಭಾಷೆಗಳಲ್ಲಿ ಮಾತಾಡಿದರು, ದೇವರನ್ನು ಕೊಂಡಾಡಿದರು, ದೀಕ್ಷಾಸ್ನಾನ ಪಡೆದರು. ಹಲ್ಲೆಲೂಯ! ಅಧಿಕಾರ, ಓದು, ಶ್ರೀಮಂತಿಕೆ ಅಡ್ಡಿ ಅಂತ ಯಾರೂ ಹೇಳಬೇಡಿ. ಅದೇ ಊರಿನ ಒಬ್ಬ ಅಧಿಕಾರಿಯ ಮನೆ ಆ ದಿನ ಸಭೆಯಾಯಿತು.

ಸುವಾರ್ತೆ ಹೇಳುವವರಿಗೆ ಒಂದು ಮಾತು. ಅಗ್ರಿಪ್ಪ ಮಾತು ತಿರುಗಿಸಿದಾಗ ಪೌಲ ಏನಂದ? ಬೇಗನೋ ತಡವಾಗಿಯೋ, ನೀನು ಮಾತ್ರ ಅಲ್ಲ, ಕೇಳುತ್ತಿರುವವರೆಲ್ಲರೂ ನನ್ನ ಹಾಗೆ ಆಗಲಿ ಅಂತ ದೇವರನ್ನು ಬೇಡಿಕೊಳ್ತೀನಿ, ಆದರೆ ಈ ಬೇಡಿಗಳು ಮಾತ್ರ ನಿಮಗೆ ಬೇಡ. ಎಂಥಾ ಹೃದಯ! ಬಂಧನದಲ್ಲಿಟ್ಟವರಿಗೆ ಬೇಡಿ ಬೇಡ, ಕ್ರಿಸ್ತನು ಬೇಕು ಅಂತಾನೆ. ಒತ್ತಾಯ ಇಲ್ಲ, ಆಮಿಷ ಇಲ್ಲ, ಶಾಪ ಇಲ್ಲ, ಪ್ರಾರ್ಥನೆ ಇದೆ. ಫೇಲಿಕ್ಸನಿಗೆ ದುಡ್ಡು ಕೊಟ್ಟಿದ್ದರೆ ಎರಡು ವರ್ಷ ಉಳಿಯುತ್ತಿತ್ತು, ಕೊಡಲಿಲ್ಲ. ಸುವಾರ್ತೆ ವ್ಯಾಪಾರ ಅಲ್ಲ. ನಿಮ್ಮ ಫ್ರೆಂಡ್ ನಿಮ್ಮ ಟಾರ್ಗೆಟ್ ಅಲ್ಲ, ಕ್ರಿಸ್ತನು ಪ್ರಾಣ ಕೊಟ್ಟ ಒಬ್ಬ ವ್ಯಕ್ತಿ. ಅವನು ನಕ್ಕರೂ ಅವನ ಜೊತೆ ಟೀ ಕುಡಿಯಿರಿ. ಅವಳು ಆಮೇಲೆ ಅಂದರೂ ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹೋಗಿ ನೋಡಿ. ಸತ್ಯ ಹೇಳುವುದು ನಮ್ಮ ಕೆಲಸ. ಹೃದಯ ತೆರೆಯುವುದು ಕರ್ತನ ಕೆಲಸ. ಯಾರ ಉತ್ತರವನ್ನೂ ನಾವು ಬರೆಯಲು ಆಗುವುದಿಲ್ಲ.

ನಮ್ಮ ಉತ್ತರವನ್ನು ಮಾತ್ರ ಕೊಡಬಹುದು. ಈಗ ಕಣ್ಣು ಮುಚ್ಚಿ. ಯಾರ ಕಡೆಯೂ ನೋಡಬೇಡಿ. ವಾಕ್ಯ ನಿಮ್ಮ ಜೀವನದ ಯಾವ ಜಾಗವನ್ನು ಮುಟ್ಟಿತೋ ನಿಮಗೆ ಗೊತ್ತು. ಅದು ಒಂದು ಸಂಬಂಧ ಇರಬಹುದು. ಫೋನಿನಲ್ಲಿ ರಾತ್ರಿ ನೋಡುವುದು ಇರಬಹುದು. ದುಡ್ಡಿನ ವಿಷಯ ಇರಬಹುದು. ಅಥವಾ ಇಷ್ಟು ವರ್ಷ ಅಮ್ಮನ ನಂಬಿಕೆಯ ನೆರಳಲ್ಲೇ ಕೂತಿರುವುದು ಇರಬಹುದು. ಪ್ರಶ್ನೆ ಇರುವವರು ಪ್ರಶ್ನೆಯನ್ನೇ ಕರ್ತನ ಮುಂದೆ ಇಡಿ, ಪ್ರಾರ್ಥನೆ ಆದ ಮೇಲೆ ನನ್ನ ಹತ್ತಿರವೂ ಬನ್ನಿ, ಕೂತು ಮಾತಾಡೋಣ. ಆದರೆ ಭಯ ಹುಟ್ಟಿದವರು ಇವತ್ತು ಅದನ್ನು ಕಳುಹಿಸಿಬಿಡಬೇಡಿ. ಅದು ನಿಮ್ಮನ್ನು ಹೆದರಿಸಲು ಬಂದದ್ದಲ್ಲ, ಕರೆಯಲು ಬಂದದ್ದು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನ್ನ ವಾಕ್ಯಕ್ಕಾಗಿ ಸ್ತೋತ್ರ. ನಿನ್ನ ಮಾತನ್ನು ತೂಗಿ ನೋಡುವ ಕುರ್ಚಿಯಿಂದ ಈ ಹೊತ್ತು ನಾವು ಇಳಿದು ಬರ್ತೀವಿ. ನೀನು ಮಾತಾಡು, ನಾವು ಕೇಳ್ತೀವಿ. ಇನ್ನೂ ಹುಡುಕುತ್ತಿರುವ ನಮ್ಮ ಸ್ನೇಹಿತರನ್ನು ನೆನೆಸಿಕೋ ತಂದೆ, ಅವರಿಗೆ ನಿನ್ನನ್ನು ತೋರಿಸು. ಕೊರ್ನೇಲ್ಯನ ಮನೆಯ ಮೇಲೆ ಇಳಿದ ನಿನ್ನ ಆತ್ಮವು ನಮ್ಮ ಪಿ.ಜಿ. ರೂಮುಗಳ ಮೇಲೆ, ಹಾಸ್ಟೆಲುಗಳ ಮೇಲೆ, ಮನೆಗಳ ಮೇಲೆ ಇಳಿದು ಬರಲಿ. ಕರ್ತನಾದ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.